ತಿಂಗಳಿಗೆ ಎರಡು ದಿನ ರಜೆ ಹಾಕುವ ಹುಡುಗಿ

ಹುತ್ತೂರಿರಲಿ, ಮಾಲೂರಿರಲಿ, ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಪ್ರತಿ ತಿಂಗಳೂ ಎರಡು ಮೂರು ದಿನ ಗೈರುಹಾಜರಿ ಕಂಡರೆ ಮನೆಯವರು ಕೊಡುವ ಕಾರಣ ಒಂದೇ: ಹೊಟ್ಟೆನೋವು. ಎಂಥ ಹೊಟ್ಟೆನೋವು ಎಂದು ಯಾರೂ ಕೇಳುವುದಿಲ್ಲ. 'ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ' ಎಂದು ಅಜ್ಜಿ ಅಂದರೆ ಅಲ್ಲಿಗೆ ಮುಗಿಯಿತು.

ಮುಟ್ಟಿನ ಮೊದಲ ದಿನ ಸ್ವಲ್ಪ ನೋವು ಸಹಜ. ಶಾಲೆ ತಪ್ಪಿಸಿ ಮಲಗಿಸುವಷ್ಟು ನೋವು, ಮಾತ್ರೆ ನುಂಗಿದರೂ ಬಗ್ಗದೆ ತಿಂಗಳು ತಿಂಗಳೂ ಬಂದರೆ ಅದು ಎಂಡೊಮೆಟ್ರಿಯೋಸಿಸ್ ಇರಬಹುದು.

ಗರ್ಭಕೋಶದ ಒಳಗೋಡೆಗೆ ಒಂದು ಪೊರೆ ಇದೆ. ತಿಂಗಳಿಗೊಮ್ಮೆ ಅದು ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬರುತ್ತದೆ. ಇಷ್ಟು ಪಠ್ಯಪುಸ್ತಕದಲ್ಲಿದೆ. ಇದೇ ಬಗೆಯ ಪೊರೆ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಮೈಯಲ್ಲಿ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆಯುವುದುಂಟು. ಹಾರ್ಮೋನಿನ ಕರೆಗೆ ಅದೂ ಓಗೊಡುತ್ತದೆ, ರಕ್ತ ಸುರಿಸುತ್ತದೆ. ಆದರೆ ಆ ರಕ್ತಕ್ಕೆ ಹೊರದಾರಿ ಇಲ್ಲ. ಸುತ್ತಲೂ ಉರಿಯೂತವಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಟ್ಟಿನ ರಕ್ತ ಅಂಡನಾಳದಲ್ಲಿ ಹಿಂದಕ್ಕೆ ಹರಿದು ಹೀಗಾಗುತ್ತದೆ ಎಂದು 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ವಾದಿಸಿದರು. ಹಾಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಉಂಟು; ಕಾಯಿಲೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದ ಒಂಬತ್ತು ಮಂದಿ ಹೇಗೆ ಪಾರಾದರು ಎಂಬುದಕ್ಕೆ ವಿಜ್ಞಾನದ ಬಳಿ ಇನ್ನೂ ಪೂರ್ತಿ ಉತ್ತರವಿಲ್ಲ.

ಇನ್ನೊಂದು ತೊಡಕಿದೆ. ಅಂಡಾಶಯದಲ್ಲಿ ರಕ್ತ ತುಂಬಿದ ಚೀಲವಾಗಿದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಎಷ್ಟೋ ಸಲ ಕಾಣುವುದಿಲ್ಲ. 'ಸ್ಕ್ಯಾನಿಂಗ್ ನಾರ್ಮಲ್ ಇದೆ, ನಾಟಕ ಮಾಡಬೇಡ' ಎಂದು ಮಗಳನ್ನು ಗದರುವುದು ಅನ್ಯಾಯ.

ನಾರುಗಡ್ಡೆ ಅಥವಾ ಫೈಬ್ರಾಯ್ಡ್ ಬೇರೆಯೇ ಕಾಯಿಲೆ. ಶಾಲಾ ವಯಸ್ಸಿನಲ್ಲಿ ಅಪರೂಪ. ಮೂವತ್ತು ನಲವತ್ತರ ತಾಯಂದಿರಲ್ಲಿ ಹೆಚ್ಚು. ಗರ್ಭಕೋಶದ ಸ್ನಾಯುವಿನ ಒಂದೇ ಒಂದು ಜೀವಕೋಶ ಮಿತಿಮೀರಿ ವಿಭಜನೆಗೊಂಡು ಗಡ್ಡೆಯಾಗುತ್ತದೆ. ಅವರೆಕಾಳಿನಷ್ಟಿರಬಹುದು, ಶ್ರೀನಿವಾಸಪುರದ ಮಾವಿನಕಾಯಿಯಷ್ಟೂ ಆಗಬಹುದು. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಎದೆಯೊಡೆದುಕೊಳ್ಳಬೇಕಿಲ್ಲ. ಅದು ತೀರಾ ವಿರಳ. ಅನೇಕರಿಗೆ ಗಡ್ಡೆ ಇರುವುದೇ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ವಿಪರೀತ ರಕ್ತಸ್ರಾವ. ಒಂದು ಮುಟ್ಟಿನಲ್ಲಿ 80 ಮಿಲಿ ಲೀಟರ್‌ ಮೀರಿದರೆ ಅತಿ ಎನ್ನುತ್ತಾರೆ; ಅಳೆಯುವವರು ಯಾರು? ಗಂಟೆಗೊಂದು ಪ್ಯಾಡ್ ನೆನೆಯುವುದು, ಹೆಪ್ಪುಗಟ್ಟಿದ ರಕ್ತ ಬೀಳುವುದು, ಟೊಮೆಟೊ ಬುಟ್ಟಿ ಎತ್ತಿದರೆ ತಲೆಸುತ್ತುವುದು ಸಾಕಷ್ಟು ಗುರುತು. ಕಬ್ಬಿಣಾಂಶದ ಮಾತ್ರೆ ಬೇಕು, ನಿಜ. ಆದರೆ ತೂತು ಮುಚ್ಚದೆ ಕೊಡಕ್ಕೆ ನೀರು ಸುರಿದು ಎಷ್ಟು ದಿನ ತುಂಬಿಸುವುದು?

ಈಗ ಮಕ್ಕಳಾಗುವ ಮಾತು. ನಾರುಗಡ್ಡೆ ಎಲ್ಲಿದೆ ಎಂಬುದೇ ಮುಖ್ಯ. ಗರ್ಭಕೋಶದ ಹೊರಮೈಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಳಗಿನ ಪೊಳ್ಳಿಗೆ ಚಾಚಿಕೊಂಡಿದ್ದರೆ ಗರ್ಭ ನಿಲ್ಲುವುದು ಕಷ್ಟ. ಅಂಥದ್ದನ್ನು ಗರ್ಭಕೋಶ ಉಳಿಸಿಕೊಂಡೇ ತೆಗೆಯಲು ಬರುತ್ತದೆ. ಎಂಡೊಮೆಟ್ರಿಯೋಸಿಸ್‌ನಲ್ಲಿ ಅಂಡನಾಳ ಅಂಟಿಕೊಂಡು ಅಂಡಕ್ಕೆ ದಾರಿ ತಪ್ಪಬಹುದು. ಆದರೂ ಈ ಕಾಯಿಲೆಯಿದ್ದ ಎಷ್ಟೋ ಮಂದಿ ತಾವಾಗಿಯೇ ತಾಯಂದಿರಾಗಿದ್ದಾರೆ. ಬಸಿರು ಈ ಕಾಯಿಲೆಗೆ ಔಷಧವಲ್ಲ. ಹೆರಿಗೆಯ ನಂತರ ನೋವು ಮರಳುವುದುಂಟು. ಅಜ್ಜಿಯ ಮಾತು ನಂಬಿ ಹದಿನೆಂಟು ತುಂಬುತ್ತಲೇ ಓದು ಬಿಡಿಸಿ ಮದುವೆ ಮಾಡಿದರೆ ಹುಡುಗಿಗೆ ಓದೂ ಇಲ್ಲ, ಗುಣವೂ ಇಲ್ಲ. ಮಗು ತಡವಾದರೆ 'ಬಂಜೆ' ಎಂಬ ಮಾತು ಬೇರೆ.

ಗಡಿಯಾಚೆಯ ಆಂಧ್ರದಲ್ಲಿ ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ದೇಶದಲ್ಲೇ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು ಒಂಬತ್ತು. ದೇಶದ ಸರಾಸರಿ ಮೂರು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿತು. ಮುಟ್ಟು ನಿಂತ ಮೇಲೆ ನಾರುಗಡ್ಡೆ ಬಹುತೇಕ ತಾನೇ ಕುಗ್ಗುತ್ತದೆ. 'ತೆಗೆಸಿಬಿಡಿ, ಪೀಡೆ ಹೋಗಲಿ' ಎಂದವರಿದ್ದರೆ ಇನ್ನೊಬ್ಬ ವೈದ್ಯರನ್ನೂ ಕೇಳಬೇಕು.

ಕೋಲಾರದ ಎಸ್‌.ಎನ್‌.ಆರ್. ಜಿಲ್ಲಾ ಆಸ್ಪತ್ರೆಯಲ್ಲೂ ಟಮಕದ ಜಾಲಪ್ಪ ಆಸ್ಪತ್ರೆಯಲ್ಲೂ ಸ್ತ್ರೀರೋಗ ವಿಭಾಗವಿದೆ. ಹೋಗುವ ಮೊದಲು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ನೋವಿನ ದಿನ, ಶಾಲೆ ತಪ್ಪಿದ ದಿನ ಗುರುತು ಹಾಕಿಟ್ಟರೆ ವೈದ್ಯರ ಅರ್ಧ ಕೆಲಸ ಸುಲಭ. ನೋವು ತಡೆಯಲಾಗದಿದ್ದರೆ ಮೂರು ತಿಂಗಳು ಕಾಯಬೇಕಿಲ್ಲ. ಆವತ್ತೇ ಬಸ್ಸು ಹತ್ತಬಹುದು.