ಸಾಕುಪ್ರಾಣಿಗಳ ಛಾಯಾಚಿತ್ರವೂ ರೈತನ ಹಿತವೂ

ರೈತನ ಐಶ್ವರ್ಯದಲ್ಲಿ ಭೂಮಿಯ ತರುವಾಯ ಎಣಿಕೆಗೆ ಬರುವುದು ದನಕರುಗಳೇ ಎಂಬುದು ಸರ್ವರಿಗೂ ತಿಳಿದ ಸಂಗತಿ. ಭೂಮಿಗಾದರೋ ಪಹಣಿಯುಂಟು, ನಕ್ಷೆಯುಂಟು, ಎಲ್ಲೆಯ ಕಲ್ಲುಂಟು. ಆದರೆ ಕೊಟ್ಟಿಗೆಯಲ್ಲಿ ಕಟ್ಟಿದ ರಾಸು ಇಂಥವನದೇ, ಇಂಥ ಲಕ್ಷಣವುಳ್ಳದ್ದೇ ಎಂದು ತೋರಿಸತಕ್ಕ ಆಧಾರವು ಬಹುಮಂದಿಯಲ್ಲಿ ಇರುವುದಿಲ್ಲ. ಛಾಯಾಚಿತ್ರವನ್ನು ಪಟ್ಟಣದ ಅಂಗಡಿಯಲ್ಲಿ ಹಣ ತೆತ್ತು ತೆಗೆಯಿಸಬೇಕಾಗಿದ್ದ ಕಾಲದಲ್ಲಿ ಈ ಕೊರತೆಯು ಕ್ಷಮ್ಯವಾಗಿತ್ತು. ಈಗ ಕ್ಯಾಮರಾ ಉಳ್ಳ ಮೊಬೈಲ್ ಫೋನು ಹಳ್ಳಿಹಳ್ಳಿಗೂ ಬಂದಿರುವಾಗ ಈ ಕೊರತೆಯನ್ನು ಉಳಿಸಿಕೊಳ್ಳುವುದು ಸರಿಯಲ್ಲ.

ಹಾಗೆಂದು ರೈತರ ಮನೆಗಳಲ್ಲಿ ಪ್ರಾಣಿಗಳ ಚಿತ್ರಗಳೇ ಇಲ್ಲವೆಂದಲ್ಲ. ಸಂಕ್ರಾಂತಿಯ ದಿನ ಮೈತೊಳೆದು, ಅರಿಸಿನ ಬಳಿದು, ಕಿಚ್ಚು ಹಾಯಿಸುವ ಎತ್ತುಗಳ ಚಿತ್ರವುಂಟು. ಉತ್ತರದ ಜಿಲ್ಲೆಗಳಲ್ಲಿ ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿದ ಜೋಡಿಯ ಚಿತ್ರವುಂಟು. ಕರುವನ್ನು ಅಪ್ಪಿಕೊಂಡ ಮಕ್ಕಳ ಚಿತ್ರ, ಅಂಗಳದಲ್ಲಿ ಮಲಗಿದ ನಾಯಿಯ ಚಿತ್ರ, ಗೂಡೆಯಿಂದ ಇಣುಕುವ ಬೆಕ್ಕಿನ ಚಿತ್ರ ಇವೂ ಉಂಟು. ಇವೆಲ್ಲ ಪ್ರೀತಿಯ ಗುರುತುಗಳು. ಇವನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಬಣ್ಣದ ಕೆಳಗೆ ಕೊಂಬಿನ ರೀತಿ ಮರೆಯಾಗುತ್ತದೆ. ಜೂಲಿನ ಕೆಳಗೆ ಮೈಕಟ್ಟು ಮರೆಯಾಗುತ್ತದೆ. ಹಬ್ಬದ ಚಿತ್ರಕ್ಕೂ ನಿತ್ಯದ ಚಿತ್ರಕ್ಕೂ ಇರುವ ಈ ಭೇದವನ್ನು ರೈತರು ಅರಿತು, ಎರಡನೆಯದನ್ನೂ ರೂಢಿಗೆ ತರುವುದು ಅವಶ್ಯಕ.

ದಿನವೂ ನೋಡುವ ಕಣ್ಣು ತಪ್ಪುವುದಿಲ್ಲವೆಂದು ಕೆಲವರು ಹೇಳುವುದುಂಟು. ಕುದುರೆಯ ಓಟದ ವೃತ್ತಾಂತವು ಇದಕ್ಕೆ ತಕ್ಕ ಉತ್ತರವಾಗಿದೆ. ನಾಗಾಲೋಟದಲ್ಲಿ ಕುದುರೆಯು ನಾಲ್ಕು ಕಾಲುಗಳನ್ನೂ ಮುಂದಕ್ಕೂ ಹಿಂದಕ್ಕೂ ಚಾಚಿ ನೆಲದಿಂದ ಮೇಲೇಳುತ್ತದೆಂದು ಯೂರೋಪಿನ ಚಿತ್ರಕಾರರು ಬಹುಕಾಲ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತನು ಸಾಲಾಗಿ ಕ್ಯಾಮರಾಗಳನ್ನು ನಿಲ್ಲಿಸಿ, ಓಡುವ ಕುದುರೆಯ ಚಿತ್ರಗಳನ್ನು ಕ್ರಮವಾಗಿ ತೆಗೆದನು. ನಾಲ್ಕು ಕಾಲುಗಳೂ ನೆಲವನ್ನು ಬಿಡುವ ಗಳಿಗೆಯೊಂದುಂಟು, ಆದರೆ ಆಗ ಕಾಲುಗಳು ಚಾಚಿರದೆ ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುತ್ತವೆ ಎಂಬುದು ಅವುಗಳಿಂದ ಸ್ಥಿರಪಟ್ಟಿತು. ಕುದುರೆಗಳ ನಡುವೆಯೇ ಬಾಳಿದವರ ಕಣ್ಣಿಗೂ ಅದು ಅದುವರೆಗೆ ಸ್ಪಷ್ಟವಾಗಿ ಕಂಡಿರಲಿಲ್ಲ.

ಅತಿವೇಗವು ಕಣ್ಣಿಗೆ ಸಿಕ್ಕದಿರುವಂತೆಯೇ ಅತಿನಿಧಾನವೂ ಸಿಕ್ಕದು. ಹಸುವು ದಿನಕ್ಕಿಷ್ಟರಂತೆ ಬಡವಾಗುತ್ತಿದ್ದರೆ ಅದನ್ನು ನಿತ್ಯವೂ ಕರೆಯುವವರಿಗೆ ವ್ಯತ್ಯಾಸವು ತೋರುವುದಿಲ್ಲ. ಆರು ತಿಂಗಳ ಮೇಲೆ ಬಂದ ನೆಂಟರು ಮೊದಲು ಗುರುತಿಸುತ್ತಾರೆ. ತಿಂಗಳಿಗೊಮ್ಮೆ ಒಂದೇ ಸ್ಥಳದಲ್ಲಿ, ಒಂದೇ ದೂರದಿಂದ ತೆಗೆದ ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಪಕ್ಕೆಲುಬು ಎದ್ದಿರುವುದು, ಬಾಲದ ಬುಡದಲ್ಲಿ ಗುಳಿಬಿದ್ದಿರುವುದು ತಾನಾಗಿಯೇ ತಿಳಿಯುತ್ತದೆ. ಮೇವು ಹಿಂಡಿಗಳನ್ನು ಸರಿಪಡಿಸುವುದಕ್ಕೂ ಪಶುವೈದ್ಯರಿಗೆ ತೋರಿಸುವುದಕ್ಕೂ ಆಗ ಇನ್ನೂ ಕಾಲವಿರುತ್ತದೆ. 2022ರಲ್ಲಿ ಚರ್ಮಗಂಟು ರೋಗವು ಈ ನಾಡಿನ ರಾಸುಗಳನ್ನು ಪೀಡಿಸಿದಾಗ, ಮೈಮೇಲೆ ಗಂಟುಗಳೇಳುವುದೇ ಮುಖ್ಯ ಚಿಹ್ನೆಯಾಗಿತ್ತು. ಅಂಥ ಚಿಹ್ನೆಯನ್ನು ಕಂಡ ದಿನವೇ ಚಿತ್ರ ತೆಗೆದು ವೈದ್ಯರಿಗೆ ಕಳುಹಿಸಿದರೆ ದೂರದ ಹಳ್ಳಿಗೂ ಬೇಗನೆ ಸಲಹೆ ದೊರೆಯಬಹುದು. ಆದರೆ ಚಿತ್ರವು ಚಿಕಿತ್ಸೆಯಲ್ಲ. ವೈದ್ಯರು ಕೈಯಿಟ್ಟು ಪರೀಕ್ಷಿಸುವುದಕ್ಕೆ ಅದು ಬದಲಾಗಲಾರದು.

ಗುರುತಿನ ವಿಷಯವೂ ಇಷ್ಟೇ ಮುಖ್ಯ. ಈಚೆಗೆ ರಾಸುಗಳಿಗೆ 12 ಅಂಕೆಗಳ ಕಿವಿಯೋಲೆಯನ್ನು ಹಾಕುತ್ತಿದ್ದಾರೆ. ಓಲೆಯು ಬೇಲಿಗೆ ಸಿಕ್ಕಿ ಹರಿದುಬೀಳುವುದುಂಟು. ಕಳ್ಳರು ಕಿತ್ತೆಸೆಯುವುದೂ ಉಂಟು. ಮೈಬಣ್ಣ, ಹಣೆಯ ಚುಕ್ಕೆ, ಸುಳಿ, ಕೊಂಬಿನ ತಿರುವು ಇವುಗಳನ್ನು ಹಾಗೆ ಕಿತ್ತೆಸೆಯಲಾಗದು. ಮನುಷ್ಯನ ಬೆರಳಿನ ಗುರುತಿನಂತೆ ದನದ ಮೂತಿಯ ಮೇಲಿನ ಗೆರೆಗಳೂ ಒಂದರದು ಇನ್ನೊಂದಕ್ಕಿಲ್ಲ. ತಪ್ಪಿಸಿಕೊಂಡ ಎತ್ತನ್ನು ಹುಡುಕುವಾಗಲೂ, ಸತ್ತ ಹಸುವಿನ ವಿಮೆಯ ಹಣವನ್ನು ಕೇಳುವಾಗಲೂ, ಸಂತೆಯಲ್ಲಿ ವಿವಾದವೆದ್ದಾಗಲೂ ಬಾಯಿಮಾತಿಗಿಂತ ತಾರೀಖುಳ್ಳ ಸ್ಪಷ್ಟ ಚಿತ್ರಕ್ಕೆ ಬೆಲೆ ಹೆಚ್ಚು.

ಚಿತ್ರ ತೆಗೆಯುವ ಕ್ರಮವು ಕಷ್ಟವಾದುದಲ್ಲ. ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿ, ಸೂರ್ಯನು ತೆಗೆಯುವವನ ಬೆನ್ನ ಹಿಂದೆ ಇರುವಂತೆ, ಸಮನೆಲದಲ್ಲಿ ರಾಸನ್ನು ನಿಲ್ಲಿಸಬೇಕು. ಕ್ಯಾಮರಾ ಅದರ ಭುಜದ ಎತ್ತರಕ್ಕಿರಬೇಕು. ತೀರ ಹತ್ತಿರದಿಂದ ತೆಗೆದರೆ ಮುಂದಿರುವ ಅಂಗವು ದೊಡ್ಡದಾಗಿಯೂ ಹಿಂದಿನದು ಸಣ್ಣದಾಗಿಯೂ ಕಾಣುವುದರಿಂದ ಕೆಲವು ಹೆಜ್ಜೆ ದೂರ ನಿಲ್ಲುವುದು ಲೇಸು. ಎಡಮಗ್ಗುಲು, ಬಲಮಗ್ಗುಲು, ಕಿವಿಯೋಲೆಯೊಡನೆ ಮುಖ, ಮೂತಿ, ಹಿಂಭಾಗ ಎಂದು ಐದು ಚಿತ್ರಗಳು ಸಾಕು. ಹಸುವಿನ ಹಿಂಭಾಗದ ಚಿತ್ರದಲ್ಲಿ ಕೆಚ್ಚಲು ಪೂರ್ತಿಯಾಗಿ ಕಾಣತಕ್ಕದ್ದು.

ಪ್ರಾಣಿಗೆ ಹಿಂಸೆಯಾಗದಂತೆ ಈ ಕೆಲಸವು ನಡೆಯಬೇಕು. ದನದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಬಹುಮಟ್ಟಿಗೆ ಕಾಣುತ್ತದೆ; ನೇರ ಬೆನ್ನ ಹಿಂದೆ ಮಾತ್ರ ಕಾಣದು. ಆ ಕಡೆಯಿಂದ ಥಟ್ಟನೆ ಬಂದವನನ್ನು ಅದು ಒದೆಯುವುದು ದುಷ್ಟತನದಿಂದಲ್ಲ, ಭಯದಿಂದ. ಕತ್ತಲೆಯ ಕೊಟ್ಟಿಗೆಯಲ್ಲಿ ಕಣ್ಣಿಗೆ ಮಿಂಚುದೀಪ ಹಾಯಿಸಿದರೆ ದನ, ನಾಯಿ, ಬೆಕ್ಕುಗಳ ಕಣ್ಣು ಹೊಳೆಯುವ ಚೂರಿನಂತೆ ಕಂಡು ಚಿತ್ರವೂ ಕೆಡುತ್ತದೆ. ನೋಡುವವರ ವಿನೋದಕ್ಕಾಗಿ ಮರಿಗಳಿಗೆ ಬಟ್ಟೆ ತೊಡಿಸಿ, ಕಾಲು ಹಿಡಿದೆತ್ತಿ, ಹೆದರಿಸಿ ಚಿತ್ರ ತೆಗೆಯುವುದು ಖಂಡನೀಯ. ನಾಯಿಯ ಚಿತ್ರ ಬೇಕಾದವನು ತಾನೇ ನೆಲಕ್ಕೆ ಕುಳಿತು ಅದರ ಕಣ್ಣಿನ ಮಟ್ಟಕ್ಕೆ ಬರಲಿ. ಸ್ವಲ್ಪ ತಾಳ್ಮೆಯಿದ್ದರೆ ಅದು ತನ್ನ ಸಹಜ ಭಂಗಿಯನ್ನು ತಾನೇ ತೋರಿಸುತ್ತದೆ.

ಚಿತ್ರವನ್ನು ನೋಡಿಯೇ ರಾಸಿನ ವ್ಯಾಪಾರ ಮಾಡುವ ಪದ್ಧತಿಯು ಈಗ ಬೆಳೆಯುತ್ತಿದೆ. ಇಲ್ಲಿ ಸತ್ಯದ ಪ್ರಶ್ನೆಯು ಏಳುತ್ತದೆ. ಮುಂಗಾಲುಗಳನ್ನು ಎತ್ತರದ ನೆಲದ ಮೇಲೆ ನಿಲ್ಲಿಸಿ ಮೈಕಟ್ಟನ್ನು ಹೆಚ್ಚಿಸಿ ತೋರಿಸುವುದು, ಕುರುಡುಗಣ್ಣಿನ ಮಗ್ಗುಲನ್ನು ಮರೆಮಾಡುವುದು, ಒಂದು ಹೊತ್ತಿನ ಹಾಲನ್ನು ಕರೆಯದೆ ಬಿಟ್ಟು ಕೆಚ್ಚಲು ಬಿಗಿದಾಗ ಚಿತ್ರ ತೆಗೆಯುವುದು ಇವೆಲ್ಲ ಕೊಳ್ಳುವವನಿಗೆ ಮೋಸ. ಕೊನೆಯದು ಹಸುವಿಗೆ ನೋವು ಕೂಡ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ರಾಸನ್ನು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ನಡಿಗೆಯ ಕುಂಟು, ಕರೆಯುವಾಗಿನ ಒದೆ, ಗೊರಸಿನ ಹುಣ್ಣು ಇವನ್ನು ನಿಂತ ಚಿತ್ರವು ಹೇಳದು. ಆದುದರಿಂದ ಮಾರುವವನು ಊನವನ್ನೂ ಚಿತ್ರದಲ್ಲಿ ತೋರಿಸುವುದು ಧರ್ಮ. ಕೊಳ್ಳುವವನು ರಾಸನ್ನು ಕಣ್ಣಾರೆ ನೋಡದೆ ಮುಂಗಡ ಕೊಡದಿರುವುದು ವಿವೇಕ.

ಚಿತ್ರ ತೆಗೆದರೆ ದೃಷ್ಟಿ ತಗಲುವುದೆಂಬ ಅಂಜಿಕೆಯು ಹಿರಿಯರಲ್ಲಿ ಇನ್ನೂ ಇದೆ. ಅವರ ಮನಸ್ಸನ್ನು ನೋಯಿಸಬೇಕಾಗಿಲ್ಲ. ಆಧಾರಕ್ಕಾಗಿ ತೆಗೆದ ಚಿತ್ರವನ್ನು ಊರಿಗೆಲ್ಲ ತೋರಿಸುವ ಅಗತ್ಯವಿಲ್ಲ. ಪಹಣಿಯನ್ನು ಪೆಟ್ಟಿಗೆಯಲ್ಲಿಡುವಂತೆ ಅದನ್ನೂ ಮನೆಯಲ್ಲಿಯೇ ಇಟ್ಟುಕೊಳ್ಳಬಹುದು.

ಇದರಲ್ಲಿ ನಾಡಿನ ಹಿತವೂ ಅಡಗಿದೆ. ಹಳ್ಳಿಕಾರ್ ಮತ್ತು ಅಮೃತ ಮಹಲ್ ರಾಸುಗಳ ಹಿಂದಕ್ಕೆ ಬಾಗಿದ ಉದ್ದನೆಯ ಚೂಪು ಕೊಂಬು, ಕಪ್ಪು ಮಣ್ಣಿನ ಬೇಸಾಯಕ್ಕೆ ತಕ್ಕ ಕೃಷ್ಣಾ ಕಣಿವೆಯ ಎತ್ತಿನ ಭಾರವಾದ ಮೈ, ಮಲೆನಾಡ ಗಿಡ್ಡದ ಪುಟ್ಟ ಆಕಾರ, ಇವು ತಲೆಮಾರುಗಳ ಆಯ್ಕೆಯಿಂದಲೂ ಆಯಾ ಸೀಮೆಯ ಹವೆಯಿಂದಲೂ ಬಂದ ಲಕ್ಷಣಗಳು. ಟ್ರಾಕ್ಟರೂ ಮಿಶ್ರತಳಿಯೂ ಹಬ್ಬಿದ ಮೇಲೆ ಇಂಥ ರಾಸುಗಳು ಅನೇಕ ಊರುಗಳಲ್ಲಿ ವಿರಳವಾಗಿವೆ. ತಾಯಿಯ ಚಿತ್ರ, ಕರುವಿನ ಚಿತ್ರ, ಅದರ ಕರುವಿನ ಚಿತ್ರ ಎಂದು ಒಂದೇ ಮನೆಯಲ್ಲಿ ಕ್ರಮವಾಗಿ ಉಳಿದರೆ, ಹೋರಿಯ ಆಯ್ಕೆಯು ಸರಿಯಾಯಿತೇ ತಪ್ಪಾಯಿತೇ ಎಂಬುದನ್ನು ಮುಂದಿನವರು ನೋಡಿಯೇ ತಿಳಿಯಬಹುದು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸುವುದು ಉತ್ತಮ. ಪ್ರತಿ ತಿಂಗಳೂ ಗೊತ್ತಾದ ದಿನದಂದು ಚಿತ್ರ ತೆಗೆದು, ಒಂದು ಪುಸ್ತಕದಲ್ಲಿ ರಾಸಿನ ಹೆಸರು, ಓಲೆಯ ಸಂಖ್ಯೆ, ಈದ ತಾರೀಖು, ಹಾಕಿಸಿದ ಲಸಿಕೆ, ಕರೆದ ಹಾಲು ಇವನ್ನು ಬರೆದಿಡಲಿ. ಫೋನು ಕೆಟ್ಟರೆ ಚಿತ್ರಗಳೂ ಹೋಗುವುದರಿಂದ ವರ್ಷಕ್ಕೊಮ್ಮೆ ಮುಖ್ಯವಾದುವನ್ನು ಕಾಗದದ ಮೇಲೆ ಮುದ್ರಿಸಿ ಅದೇ ಪುಸ್ತಕಕ್ಕೆ ಅಂಟಿಸುವುದು ಒಳ್ಳೆಯದು. ಇದಕ್ಕೆ ತಗಲುವ ವೆಚ್ಚವು ಅಲ್ಪ. ಬೇಕಾದ ಹೊತ್ತಿಗೆ ಆಧಾರವಿಲ್ಲದೆ ರೈತನು ಅನುಭವಿಸುವ ನಷ್ಟವಾದರೋ ಒಂದು ಹಸುವಿನ ಬೆಲೆಯಷ್ಟು.