ಮೈಗೆ ಒಗ್ಗದ ಮದ್ದು

ಕ್ಷಯರೋಗದ ಚಿಕಿತ್ಸೆಯಲ್ಲಿ 1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ದೊಡ್ಡ ತಿರುವನ್ನೇ ತಂದಿತು. ಅದರೊಡನೆ ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್‌ಗಳನ್ನು ಕೂಡಿಸಿ 6 ತಿಂಗಳು ತಪ್ಪದೆ ಸೇವಿಸಿದವರಲ್ಲಿ ಬಹುತೇಕರು ಗುಣಮುಖರಾಗುತ್ತಾರೆ. ಆದರೆ ಈ ಮಾತ್ರೆಗಳು ಕೆಲವೇ ಕೆಲವರ ಮೈಗೆ ಒಗ್ಗುವುದಿಲ್ಲ. ಎರಡರಿಂದ ಎಂಟು ವಾರಗಳೊಳಗೆ ಜ್ವರ, ಮೈತುಂಬ ಕೆಂಪು ಗಂಧೆ, ಮುಖದಲ್ಲಿ ಬಾವು ಕಾಣಿಸಿಕೊಂಡು, ಯಕೃತ್ತಿಗೂ ಕೇಡು ತಟ್ಟಬಹುದು. ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿ ಚರ್ಮ ಸುಲಿಯುವ ಇನ್ನೊಂದು ಬಗೆಯೂ ಉಂಟು. ಅಪರೂಪವಾದರೂ ಇವೆರಡೂ ಪ್ರಾಣಾಂತಿಕ.

ಒಬ್ಬರಿಗೆ ಒಗ್ಗಿದ್ದು ಮತ್ತೊಬ್ಬರಿಗೇಕೆ ವಿಷವಾಗುತ್ತದೆ? ತನ್ನದು ಯಾವುದು, ಪರಕೀಯವಾದುದು ಯಾವುದು ಎಂದು ದೇಹಕ್ಕೆ ಗುರುತು ಹಿಡಿದುಕೊಡುವ ವಂಶವಾಹಿಗಳ ಗುಂಪೊಂದು ನಮ್ಮ 6ನೆಯ ವರ್ಣತಂತುವಿನಲ್ಲಿದೆ. ಅದರ ಹೆಸರು ಎಚ್.ಎಲ್.ಎ. ಇದರ ಕೆಲವು ಪ್ರಭೇದಗಳಿರುವವರಲ್ಲಿ ಔಷಧದ ಅಣುವನ್ನೇ ಶತ್ರುವೆಂದು ಬಗೆದು ರಕ್ಷಣಾ ಪಡೆ ಮೇಲೆ ಬೀಳುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್‌ನಿಂದ ಚರ್ಮ ಸುಲಿದ 44 ರೋಗಿಗಳನ್ನು ತೈವಾನಿನ ಸಂಶೋಧಕರು ಪರೀಕ್ಷಿಸಿದಾಗ, ಅಷ್ಟೂ ಮಂದಿಯಲ್ಲಿ ಒಂದೇ ಪ್ರಭೇದ ಸಿಕ್ಕಿತೆಂದು 2004ರಲ್ಲಿ ಪ್ರಕಟವಾಯಿತು. ಕ್ಷಯದ ಔಷಧಗಳಿಗೆ ಅಷ್ಟು ಖಚಿತವಾದ ಗುರುತು ಇನ್ನೂ ದೊರೆತಿಲ್ಲ. ಆದಕಾರಣ ಮಾತ್ರೆಗೆ ಮುನ್ನ ಇಂಥ ರಕ್ತಪರೀಕ್ಷೆ ಮಾಡಿಸುವ ರೂಢಿಯೂ ಇಲ್ಲ. ಎಚ್.ಐ.ವಿ. ಸೋಂಕು ಇರುವವರಲ್ಲಿ ಮಾತ್ರ ಅಪಾಯ ಹೆಚ್ಚೆಂಬುದು ಸ್ಪಷ್ಟ. (ಐಸೋನಿಯಾಜಿಡ್ಡನ್ನು ನಿಧಾನವಾಗಿ ಕರಗಿಸುವ ಎನ್.ಎ.ಟಿ.2 ವಂಶವಾಹಿಯ ಮಾತು ಬೇರೆ; ಅದು ಯಕೃತ್ತಿನ ತೊಂದರೆಗೆ ಸಂಬಂಧಿಸಿದ್ದು, ಅಲರ್ಜಿಯದಲ್ಲ.)

ವಂಶವಾಹಿ ಎಂದೊಡನೆ ನಮ್ಮ ಮನೆಗಳಲ್ಲಿ ಬಾಗಿಲು ಮುಚ್ಚಿ ಪಿಸುಮಾತು ಆರಂಭವಾಗುತ್ತದೆ. ಕನ್ಯೆಗೆ ವರ ಸಿಕ್ಕದೆಂಬ ಭಯದಿಂದ ಅಣ್ಣನ ಕ್ಷಯವನ್ನೂ, ಆತನಿಗೆ ಮದ್ದು ಒಗ್ಗದೆ ಹೋದುದನ್ನೂ ಮುಚ್ಚಿಡುವ ಮನೆತನಗಳು ಇಂದಿಗೂ ಇವೆ. ಕ್ಷಯವು ಗಾಳಿಯ ಮೂಲಕ ಹರಡುವ ರೋಗವೇ ಹೊರತು ವಂಶದ ಕಳಂಕವಲ್ಲ. ಆದರೆ ಒಡಹುಟ್ಟಿದ ಇಬ್ಬರಲ್ಲಿ ಎಚ್.ಎಲ್.ಎ. ಪೂರ್ತಿ ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು. ಅಣ್ಣನಿಗಾದುದು ತಂಗಿಗೂ ಆಗಿಯೇ ತೀರಬೇಕೆಂದಿಲ್ಲ. ಆದರೂ ಅವಳ ವೈದ್ಯರಿಗೆ ಅದು ತಿಳಿದಿರುವುದು ಲೇಸು. ಮುಚ್ಚಿಟ್ಟವರು ಕಾಪಾಡುವುದು ಮಾನವನ್ನೋ, ಮಗಳನ್ನೋ?

ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಗಾದರೆ ಗಾಬರಿ ಬೇಡ, ಅದು ಔಷಧದ ಬಣ್ಣ. ಸಣ್ಣ ತುರಿಕೆಗೂ ಮಾತ್ರೆ ಬಿಡದೆ ವೈದ್ಯರಿಗೆ ತಿಳಿಸಿದರೆ ಸಾಕು. ಜ್ವರದೊಡನೆ ಗಂಧೆ, ಬಾಯಿಹುಣ್ಣು, ಮುಖದ ಬಾವು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ಮುಂದಿನ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೊರಡಬೇಕು. ‘ಉಷ್ಣವಾಗಿದೆ, ಎಳನೀರು ಕುಡಿಸಿ’ ಎನ್ನುವವರಿಗೆ ಕಿವಿಗೊಡಬಾರದು. ಜಾತ್ರೆ ಮುಗಿಯಲಿ ಎಂದು ಕಾಯಲೂಬಾರದು. ಮೈ ತಿಳಿಯಾದ ಮೇಲೆ, ಕೇಡು ತಂದ ಔಷಧ ಯಾವುದೆಂದು ವೈದ್ಯರು ಎಚ್ಚರದಿಂದ ಗೊತ್ತುಮಾಡಿ, ಉಳಿದವುಗಳಿಂದ ಕ್ಷಯದ ಚಿಕಿತ್ಸೆಯನ್ನು ಮುಂದುವರಿಸುತ್ತಾರೆ. ಆ ಔಷಧದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಮನೆಯ ಮುಖ್ಯ ಕಾಗದಪತ್ರಗಳೊಡನೆ ಇಡುವುದು, ಒಡಹುಟ್ಟಿದವರಿಗೂ ಅದನ್ನು ತಿಳಿಸುವುದು ಮನೆಯವರ ಪಾಲಿನ ಕೆಲಸ.