ಕೊನೇ ಬಸ್ಸು ಹೋದ ಮೇಲೆ ಸಂಗೀತ ಯಾರಿಗೆ?

ಬಡವರ ಮಕ್ಕಳಿಗೆ ವಾದ್ಯ ಕಲಿಸಬೇಕು ಎಂದರೆ ಸಾಕು, 'ಮೊದಲು ಅನ್ನ, ಅಕ್ಷರ. ಸಂಗೀತ ಆಮೇಲೆ' ಎನ್ನುವವರು ಎಲ್ಲ ಸಭೆಗಳಲ್ಲೂ ಇರುತ್ತಾರೆ. ಅವರು ಒಮ್ಮೆ ಗದಗಕ್ಕೆ ಹೋಗಿ ಬರಬೇಕು. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿ, ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು, ಬಡ ಮಕ್ಕಳು ಜಾತಿ ಮತದ ಹಂಗಿಲ್ಲದೆ ಉಂಡು, ಅಲ್ಲೇ ಮಲಗಿ, ಅಲ್ಲೇ ತಬಲಾ, ಹಾರ್ಮೋನಿಯಂ, ಪಿಟೀಲು ಕಲಿತರು. ಬಳ್ಳಾರಿ ಸೀಮೆಯ ಜಾನಪದ ಗಾಯಕರೊಬ್ಬರ ಮಗ ಹುಡುಗನಾಗಿದ್ದಾಗಲೇ ಅಲ್ಲಿಗೆ ಸೇರಿ ಹನ್ನೆರಡು ವರ್ಷದಷ್ಟು ಕಾಲ ಕಲಿತರು. ಅವರೇ ಹಿಂದುಸ್ತಾನಿ ಗಾಯಕ ಪಂಡಿತ ಎಂ. ವೆಂಕಟೇಶ್ ಕುಮಾರ್. ಅನ್ನ ಮೊದಲೋ ಸಂಗೀತ ಮೊದಲೋ ಎಂಬ ಪ್ರಶ್ನೆಯೇ ಆ ಅಡುಗೆಮನೆಯಲ್ಲಿ ಏಳಲಿಲ್ಲ.

ಇನ್ನೊಂದು ಗುಂಪಿನವರದು ಬೇರೆಯೇ ಉತ್ಸಾಹ. ವಾದ್ಯವೃಂದಕ್ಕೆ ಸೇರಿಸಿಬಿಟ್ಟರೆ ಮಗುವಿನ ಬಡತನವೇ ನೀಗುತ್ತದೆ ಎಂದು ಅವರು ನಂಬಿದ್ದಾರೆ. ಹೊಸೆ ಅಂಟೋನಿಯೊ ಅಬ್ರೆಯು 1975ರಲ್ಲಿ 11 ಮಂದಿಯೊಂದಿಗೆ ಶುರುಮಾಡಿದ ವೆನೆಜುವೆಲಾದ 'ಎಲ್ ಸಿಸ್ಟೆಮಾ' ಎಂಬ ಮಕ್ಕಳ ವಾದ್ಯವೃಂದ ಯೋಜನೆ ಅವರ ಆದರ್ಶ. ಆದರೆ 2012–13ರಲ್ಲಿ ಅದರ 16 ಕೇಂದ್ರಗಳಲ್ಲಿ 2,914 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ ಅಷ್ಟು ದೊಡ್ಡ ಮಾತಾಡುವುದಿಲ್ಲ. ಮಕ್ಕಳ ಆತ್ಮಸಂಯಮ ತುಸು ಹೆಚ್ಚಿತು, ನಡವಳಿಕೆಯ ತೊಂದರೆ ತುಸು ತಗ್ಗಿತು. ಕಡಿಮೆ ಓದಿದ ತಾಯಂದಿರ ಮಕ್ಕಳಲ್ಲೂ ಹುಡುಗರಲ್ಲೂ, ಅದರಲ್ಲೂ ಹಿಂಸೆ ಕಂಡು ಬೆಳೆದ ಹುಡುಗರಲ್ಲಿ, ಈ ಫಲ ಹೆಚ್ಚಾಗಿ ಕಂಡಿತು. ಉಳಿದ ವಿಷಯಗಳಲ್ಲಿ ಒಟ್ಟಾರೆ ಬದಲಾವಣೆ ಸಿಗಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಬೇರೆ: ಸೇರಲು ಬಂದ ಮಕ್ಕಳಲ್ಲಿ ಬಡವರು ಶೇ. 16.7, ಅವರು ವಾಸಿಸುವ ರಾಜ್ಯಗಳಲ್ಲಿ ಬಡವರ ಪ್ರಮಾಣ ಶೇ. 46.5. ಯಾರಿಗೆ ಹೆಚ್ಚು ಉಪಯೋಗವೋ ಅವರೇ ಬಾಗಿಲಿಗೆ ಬರಲಿಲ್ಲ.

ಯಾಕೆ ಬರುವುದಿಲ್ಲ ಎಂಬುದನ್ನು ನಮ್ಮ ಮಲೆನಾಡಿನ ಅಡ್ಡಗದ್ದೆಯಲ್ಲಿ ನಿಂತು ನೋಡಿದರೆ ಸುಲಭವಾಗಿ ಗೊತ್ತಾಗುತ್ತದೆ. ಇಲ್ಲಿ ಊರೆಂದರೆ ಗುಡ್ಡಕ್ಕೊಂದು, ಗದ್ದೆಯಾಚೆಗೊಂದು ಮನೆ. ಶೃಂಗೇರಿಯಲ್ಲೋ ಕೊಪ್ಪದಲ್ಲೋ ಸಂಜೆ ಆರಕ್ಕೆ ಉಚಿತ ತರಗತಿ ಇಟ್ಟರೆ ಬೈಕೋ ಕಾರೋ ಇರುವವರ ಮಕ್ಕಳು ಬರುತ್ತಾರೆ. ತೋಟದ ಕೂಲಿಯವರ ಮಗಳು ಕೊನೇ ಬಸ್ಸು ತಪ್ಪಿಸಿಕೊಂಡರೆ ಕಾಡುದಾರಿಯಲ್ಲಿ, ಜಿಗಣೆ ಕಿತ್ತುಕೊಳ್ಳುತ್ತಾ ಮನೆ ಸೇರಬೇಕು. ಅವಳ ಪಾಲಿಗೆ ಆ ತರಗತಿ ಉಚಿತವಲ್ಲ.

ಆದ್ದರಿಂದ ಪಾಠ ಶಾಲೆಯ ವೇಳೆಯಲ್ಲೇ, ಬಿಸಿಯೂಟದ ಬೆನ್ನಿಗೇ ನಡೆಯಬೇಕು. ಸರ್ಕಾರಿ ಹಾಸ್ಟೆಲುಗಳಲ್ಲಿ ಸಂಜೆ ಹೊತ್ತು ನಡೆಯಬಹುದು. ಗದಗದ ಗುಟ್ಟೂ ಅದೇ ತಾನೇ, ಮಗು ಇರುವಲ್ಲೇ ಗುರು. ಹದಿನೈದು ದಿನದ ಬೇಸಿಗೆ ಶಿಬಿರ ಮಾಡಿ ಫೋಟೋ ತೆಗೆಸಿಕೊಳ್ಳುವುದಕ್ಕೆ ಸಂಗೀತ ಶಿಕ್ಷಣ ಎಂಬ ಹೆಸರು ಒಪ್ಪುವುದಿಲ್ಲ. ಕಾಯಂ ಶಿಕ್ಷಕರು ಬೇಕು.

ಪಿಟೀಲೇ ಆಗಬೇಕೆಂದೂ ಇಲ್ಲ. ಹತ್ತಿರದಲ್ಲೇ ಯಕ್ಷಗಾನದ ಹಿಮ್ಮೇಳವಿದೆ. ಭಾಗವತರ ತಾಳ ನೋಡಿ ಮದ್ದಳೆಯವನು ಕೈ ಹಿಡಿಯಬೇಕು, ಚಂಡೆಯವನು ಸುಮ್ಮನೆ ಕಾದು, ಬೇಕಾದಲ್ಲಷ್ಟೇ ಪೆಟ್ಟು ಹಾಕಬೇಕು. ಹತ್ತು ವರ್ಷದ ಮಗು ಕೋಲೆತ್ತಿ ಹೊಡೆಯದೆ ಕಾಯುವ ಆ ಅರೆಗಳಿಗೆಯಲ್ಲಿ ಏನು ಕಲಿಯುತ್ತದೆ ಎಂಬುದು ಹೇಳಿಕೊಟ್ಟವರಿಗೆ ಗೊತ್ತು. ಉಡುಪಿಯ ಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಯಕ್ಷಗಾನ ಕಲಿಸುತ್ತಿದೆ. ಘಟ್ಟದ ಮೇಲೆ ಅದು ಆಗದಿರಲು ಕಾರಣವಿಲ್ಲ. ಹೆಣ್ಣುಮಕ್ಕಳ ಕೈಗೂ ಮದ್ದಳೆ ಬರಲಿ.

ಯೋಜನೆ ಬರೆಯುವವರು ಇಲ್ಲಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಷಾಢದ ಥಂಡಿಗೆ ಚರ್ಮ ಸಡಿಲಾಗಿ ಮದ್ದಳೆಯ ನಾದ ಬಿದ್ದುಹೋಗುತ್ತದೆ, ಪಿಟೀಲಿನ ಅಂಟು ಬಿಡುತ್ತದೆ. ಒಲೆಯ ಬಿಸುಪು ತಾಗುವ ಅಟ್ಟದಲ್ಲಿ ವಾದ್ಯ ಇಡುವ ಜಾಗ, ಮದ್ದಳೆಗೆ ಚರ್ಮದ ಮುಚ್ಚಿಗೆ ಕಟ್ಟುವವರಿಗೆ ವರ್ಷವರ್ಷವೂ ಕೊಡುವ ಕೂಲಿ, ಇವೆರಡನ್ನೂ ಮೊದಲ ಬಜೆಟ್ಟಿನಲ್ಲೇ ಬರೆದಿಡಲಿ.